ಎಸಳಿನ ಪಕ್ಕದ ಬಿರುಕು

ಮ್ಯಾನೇಜರ್ ವಾಪಸು ಬಂದ ಪೆಟ್ಟಿಗೆಯೊಂದನ್ನು ತಂದು ಮೇಜಿನ ಮೇಲಿಟ್ಟಾಗ ನಾನಿನ್ನೂ ಏಪ್ರನ್ ಕಟ್ಟಿಕೊಂಡಿರಲಿಲ್ಲ. ಸೋಮವಾರ ಬೆಳಿಗ್ಗೆ, ಹೊರಗೆ ಜಿಟಿಜಿಟಿ ಮಳೆ. ಪೆಟ್ಟಿಗೆಯೊಳಗೆ ಸ್ಪಂಜಿನಲ್ಲಿ ಹನ್ನೆರಡು ಗುಳಿ, ಗುಳಿಗೊಂದು ಗಾಜಿನ ಗೋಲಿ. ಹನ್ನೆರಡರಲ್ಲಿ ಐದು ಸೀಳಿದ್ದವು. ಒಂದಂತೂ ಸರಿಯಾಗಿ ಎರಡು ಹೋಳಾಗಿತ್ತು. ಮುಚ್ಚಳದ ಒಳಬದಿಯ ಚೀಟಿಯಲ್ಲಿ ‘ಪರೀಕ್ಷಿಸಲಾಗಿದೆ’ ಎಂಬ ಮುದ್ರೆ, ಅದರ ಕೆಳಗೆ ನನ್ನ ಸಹಿ. ಸಹಿ ಮಾತ್ರ ಎಲ್ಲೂ ಸೀಳಿರಲಿಲ್ಲ.

ನಾನು ಪುಣೆಯಿಂದ ಶಿರೂರಿನ ಕಡೆಗೆ ಹೋಗುವ ರಸ್ತೆಯ ಮೇಲಿರುವ ಗೋಲಿ ಕಾರ್ಖಾನೆಯಲ್ಲಿ ತಪಾಸಣೆಯ ಮೇಜಿನ ಜವಾಬ್ದಾರಿ ಹೊತ್ತವಳು. ನನ್ನ ಕೈಕೆಳಗೆ ಹನ್ನೊಂದು ಹೆಂಗಸರು. ಮೊದಲೆಲ್ಲ ನಾವು ಮಕ್ಕಳು ಆಡುವ ಸಣ್ಣ ಗೋಲಿಗಳನ್ನೇ ಮಾಡುತ್ತಿದ್ದೆವು. ಚೀಲಗಟ್ಟಲೆ ಹೋಗುತ್ತಿದ್ದವು, ಅವುಗಳ ಮುಖ ನೋಡುವವರು ಯಾರೂ ಇರಲಿಲ್ಲ. ಆಮೇಲೆ ಹೊರದೇಶದ ವ್ಯಾಪಾರಿಯೊಬ್ಬ ಬಂದ. ಅವನ ಗಿರಾಕಿಗಳು ಗೋಲಿ ಆಡುವವರಲ್ಲ, ಕೂಡಿಡುವವರು. ಅವರಿಗೆ ನಿಂಬೆಹಣ್ಣಿನ ಗಾತ್ರದ ಗೋಲಿ ಬೇಕು. ತಿಳಿಗಾಜು, ನಡುವೆ ಮೂರು ಬಣ್ಣದ ಎಸಳು. ಒಂದೊಂದನ್ನೂ ಭೂತಗನ್ನಡಿ ಹಿಡಿದು ನೋಡುತ್ತಾರಂತೆ. ಇನ್ನೂ ವಿಚಿತ್ರವೆಂದರೆ, ಎಸಳೊಂದು ತಪ್ಪಿಹೋಗಿದ್ದರೆ, ಎರಡು ಬಣ್ಣ ಬೆರೆತಿದ್ದರೆ ಅಂಥದ್ದನ್ನೇ ಹುಡುಕಿ ಹುಡುಕಿ ಕೊಳ್ಳುತ್ತಾರೆ. ಎಂಟು ವರ್ಷ ತಪ್ಪುಗಳನ್ನು ಎತ್ತಿ ಬಿಸಾಡಿದವಳಿಗೆ ಈಗ ಯಾವ ತಪ್ಪು ಚೆಂದ ಎಂದು ಕಲಿಯುವ ಕೆಲಸ ಬಿತ್ತು. ಆದರೆ ಬಿರುಕನ್ನು ಅವರೂ ಒಪ್ಪುವುದಿಲ್ಲ.

ಈ ಐದೂ ಇಲ್ಲಿಂದ ಹೊರಟಾಗ ಇಡಿಯಾಗಿದ್ದವು. ಅದರಲ್ಲಿ ನನಗೆ ಸಂಶಯವಿರಲಿಲ್ಲ. ಕತ್ತರಿಯ ಗುರುತು, ಚಪ್ಪಟೆ ಬದಿ, ಗಾಜು ತಣ್ಣಗಾಗಿ ಬಿದ್ದ ಮಡಿಕೆ, ಒಳಗಿನ ಗುಳ್ಳೆ, ಇವು ಯಾವುವೂ ನನ್ನ ಕಣ್ಣು ತಪ್ಪಿಸುವುದಿಲ್ಲ ಎಂಬ ಸೊಕ್ಕು ನನಗಿತ್ತು. ಗೋದಾಮಿಗೆ ಹೋಗಿ ಅದೇ ಬ್ಯಾಚಿನ ಉಳಿದ ಪೆಟ್ಟಿಗೆಗಳನ್ನು ತೆಗೆಸಿದೆ. ಅಲ್ಲಿಯೂ ಪೆಟ್ಟಿಗೆಗೆ ಒಂದೋ ಎರಡೋ ಒಡೆದಿದ್ದವು, ಯಾರೂ ಮುಟ್ಟದೆಯೇ. ನಾನು ನೋಡುತ್ತ ನಿಂತಿದ್ದಾಗಲೇ ಒಂದರಿಂದ ಟಿಕ್ ಎಂದು ಸದ್ದು ಬಂತು.

“ಕಾರಣ ಏನು? ಲಿಹೂನ್ ದ್ಯಾ,” ಎಂದರು ಮ್ಯಾನೇಜರ್. ಅವರು ಮರಾಠಿಯವರು, ಸಿಡುಕು ಮನುಷ್ಯರಲ್ಲ, ಆದರೆ ಎಲ್ಲವೂ ಬರಹದಲ್ಲಿ ಬೇಕು. ಸಂಜೆಯೊಳಗೆ ಬರೆದು ಕೊಡಬೇಕಿತ್ತು.

ಬರೆಯಲು ನನ್ನ ಬಳಿ ಎರಡು ಸಂಗತಿಗಳಿದ್ದವು. ಮೊದಲನೆಯದು, ಎಲ್ಲ ಬಿರುಕುಗಳೂ ಎಸಳಿನ ಪಕ್ಕದಿಂದಲೇ ಹೊರಟಿದ್ದವು. ಎರಡನೆಯದು ಟ್ರೇಗಳ ಚೀಟಿಯಿಂದ ಸಿಕ್ಕಿತು. ನಮ್ಮಲ್ಲಿ ಭಟ್ಟಿಯಿಂದ ಇಳಿಯುವ ಗಾಜಿನ ಧಾರೆಗೆ ಬಣ್ಣದ ಗಾಜು ಸೇರುತ್ತದೆ, ಕತ್ತರಿ ಅದನ್ನು ತುಂಡರಿಸುತ್ತದೆ, ತುಂಡುಗಳು ಕೊರೆದ ರೋಲರುಗಳ ಮೇಲೆ ಉರುಳುರುಳಿ ಗುಂಡಗಾಗುತ್ತವೆ. ಆಮೇಲೆ ಉಕ್ಕಿನ ಟ್ರೇಗಳಲ್ಲಿ ತುಂಬಿ ಒಂದು ಉದ್ದನೆಯ ಒಲೆಯೊಳಗೆ ಕಳಿಸುತ್ತೇವೆ. ನಾವು ಅದಕ್ಕೆ ಸುರಂಗ ಎನ್ನುತ್ತೇವೆ. ಸರಪಳಿಯ ಮೇಲೆ ನಿಧಾನಕ್ಕೆ ಸಾಗುತ್ತ, ಆರು ತಾಸು ಹಂತಹಂತವಾಗಿ ತಣಿದು ಗೋಲಿ ಹೊರಗೆ ಬರುತ್ತದೆ. ಪ್ರತಿ ಟ್ರೇಗೂ ಸುರಂಗದ ಒಳಗೆ ಹೋದ ಸಮಯ ಬರೆದ ಚೀಟಿ ಇರುತ್ತದೆ. ಒಡೆದ ಗೋಲಿಗಳೆಲ್ಲ ಬೆಳಿಗ್ಗೆ ಏಳೂವರೆಯಿಂದ ಒಂಬತ್ತೂವರೆಯೊಳಗೆ ಒಳಹೋದ ಟ್ರೇಗಳವು.

ಬೆಳಿಗ್ಗೆ ಏಳಕ್ಕೆ ಏನಾಗುತ್ತದೆ? ಭಟ್ಟಿ ಮೇಸ್ತ್ರಿ ಭಟ್ಟಿಗೆ ಹೊಸ ಮಾಲು, ಒಡಕು ಗಾಜು ಹಾಕುತ್ತಾರೆ. ಬಣ್ಣದ ಗಾಜೂ ಅವರ ಕೈಯದೇ. ತಿಳಿಗಾಜೂ ಬಣ್ಣದ ಗಾಜೂ ತಣಿಯುವಾಗ ಒಂದೇ ಸಮ ಕುಗ್ಗಬೇಕು. ಇಲ್ಲದಿದ್ದರೆ ಅವೆರಡೂ ಕೂಡಿದಲ್ಲಿ ಸೀಳು ಬಿಡುತ್ತದೆ. ಎರಡಕ್ಕೆ ಎರಡು ಕೂಡಿಸಿದೆ. ‘ಬೆಳಗಿನ ಭರ್ತಿಯಲ್ಲಿ ಗಾಜಿನ ಹೊಂದಾಣಿಕೆ ಇಲ್ಲ. ಭಟ್ಟಿ ವಿಭಾಗದ ದೋಷ’ ಎಂದು ಬರೆದು ಮುದ್ರೆ ಒತ್ತಿದೆ.

ಮೇಸ್ತ್ರಿ ನಮ್ಮ ಕಡೆಯವರೇ, ಅಫಜಲಪುರದ ಹತ್ತಿರದ ಹಳ್ಳಿಯವರು. ಈ ಭಟ್ಟಿಗೆ ಮೊದಲ ದಿನ ಬೆಂಕಿ ಹಚ್ಚಿದವರು. ನಾನು ಅವರಿಗೆ ಕಾಕಾ ಎನ್ನುತ್ತೇನೆ. ಹಿಂದಿನ ತಿಂಗಳು ಅವರು ಎಲ್ಲರೆದುರಿಗೆ “ನಮ್ಮ ತಂಗಿ ಕಣ್ಣ ಭಾಳ ಚುರುಕ್ ಅದಾವ್ರಿ, ಚಂದ್ರನ್ನ ಟ್ರೇದಾಗ ಇಟ್ರ ಅದನ್ನೂ ರಿಜೆಕ್ಟ್ ಮಾಡ್ತಾಳ” ಎಂದು ನಗಿಸಿದ್ದರು. ಎಲ್ಲರ ಜೊತೆ ನಾನೂ ನಕ್ಕಿದ್ದೆ, ಆದರೆ ಒಳಗೆ ಉರಿದಿತ್ತು. ಆ ವರದಿ ಬರೆಯುವಾಗ ಆ ಉರಿ ಸ್ವಲ್ಪವೂ ಇರಲಿಲ್ಲ ಎಂದು ನಾನು ಆಣೆ ಮಾಡಲಾರೆ.

ಮಂಗಳವಾರ ಮ್ಯಾನೇಜರ್ ಕ್ಯಾಬಿನ್ನಿನಲ್ಲಿ ಕಾಕಾನ ದನಿ ಏರಿತು. ಬಾಗಿಲು ಹಾಕಿತ್ತು, ಆದರೂ ಎಲ್ಲರಿಗೂ ಕೇಳಿಸಿತು. ಮಾಲು ಅದೇ, ಅಳತೆ ಅದೇ, ಕೈ ಅದೇ ಎಂದು ಅವರು ಹಿಂದಿಯಲ್ಲಿ ಕೂಗುತ್ತಿದ್ದರು. ಹೊರಗೆ ಬಂದವರು ನನ್ನ ಕಡೆ ನೋಡಲೂ ಇಲ್ಲ. ಮಧ್ಯಾಹ್ನಕ್ಕೆ ಸುದ್ದಿ ಮೇಜಿನಿಂದ ಮೇಜಿಗೆ ಹರಿದು ಬಂತು. ಶುಕ್ರವಾರ ಬೆಳಿಗ್ಗೆ ಅವರ ಕೈಗೆ ಕೆಲಸ ಬಿಡಿಸುವ ಪತ್ರ. ಬೇರೆ ಕಾರ್ಖಾನೆಯಿಂದ ಹೊಸ ಮೇಸ್ತ್ರಿ ಬರುತ್ತಾನೆ. ಕಾಕಾನಿಗೆ ನಿವೃತ್ತಿಗೆ ಇನ್ನೆರಡು ವರ್ಷ ಇತ್ತು. ಗಾಜು ಕೆಡಿಸಿದವನು ಎಂಬ ಹೆಸರು ಹೊತ್ತ ಭಟ್ಟಿಯವನನ್ನು ಈ ರಸ್ತೆಯುದ್ದಕ್ಕೂ ಯಾವ ಕಾರ್ಖಾನೆಯೂ ಒಳಗೆ ಬಿಟ್ಟುಕೊಳ್ಳುವುದಿಲ್ಲ ಎಂಬುದು ನನಗೆ ಗೊತ್ತಿತ್ತು.

ಬುಧವಾರ ನಾನು ಗೋದಾಮಿನ ಲೆಕ್ಕ ಮುಗಿಸಬೇಕಿತ್ತು. ಯಾವ ದಿನದ ಎಷ್ಟು ಪೆಟ್ಟಿಗೆ ಹೊರಗೆ ತೆಗೆಯಬೇಕು ಎಂಬ ಪಟ್ಟಿ. ದಿನಕ್ಕೊಂದು ಸಾಲು ಎಳೆದು ಒಡೆದವುಗಳಿಗೆ ಗೆರೆ ಹಾಕುತ್ತ ಹೋದೆ. ಎಲ್ಲ ದಿನಗಳಲ್ಲೂ ಬೆಳಗಿನ ಟ್ರೇಗಳ ಎದುರು ಗೆರೆಗಳು. ಒಂದು ಸಾಲು ಮಾತ್ರ ಬಿಳಿಯಾಗಿ ಉಳಿಯಿತು. ಆ ದಿನದ ಬೆಳಗಿನ ಟ್ರೇಗಳನ್ನು ಮೂರು ಸಲ ನೋಡಿದೆ. ಒಂದೂ ಒಡೆದಿರಲಿಲ್ಲ.

ಅವತ್ತು ಕಾಕಾ ರಜೆಯಲ್ಲಿದ್ದರೇನೋ ಎಂದು ಭಟ್ಟಿಯ ಪುಸ್ತಕ ತರಿಸಿದೆ. ಇರಲಿಲ್ಲ. ಏಳಕ್ಕೆ ಅದೇ ಮಾಲು, ಅದೇ ಅಳತೆ, ಅವರದೇ ಅಕ್ಷರ. ಹಾಗಾದರೆ ನಾನು ಬರೆದುಕೊಟ್ಟ ಕಾರಣ ಸುಳ್ಳು.

ಬೀರುವಿನಲ್ಲಿ ಒಂದು ದೀಪದ ಪೆಟ್ಟಿಗೆ ಇತ್ತು, ಬೆಳಕು ಸೋಸುವ ಎರಡು ಕಪ್ಪು ಹಾಳೆಗಳ ನಡುವೆ ಗಾಜನ್ನು ಇಟ್ಟು ಒಳಗಿನ ಬಿಗಿತ ನೋಡುವಂಥದ್ದು. ಸಣ್ಣ ಗೋಲಿಗಳ ಕಾಲದಲ್ಲಿ ಅದರ ಕೆಲಸವೇ ಇರಲಿಲ್ಲ, ಧೂಳು ಕುಡಿಯುತ್ತ ಕೂತಿತ್ತು. ಅದನ್ನು ಒರೆಸಿ ಹಚ್ಚಿದೆ. ಒಂದು ಗಾಜಿನ ಬಟ್ಟಲಿಗೆ ಸೇಂಗಾ ಎಣ್ಣೆ ಸುರಿದು, ಕೆಟ್ಟ ದಿನದ ಬೆಳಗಿನ ಟ್ರೇಯಿಂದ ಇನ್ನೂ ಒಡೆಯದ ಗೋಲಿಯೊಂದನ್ನು ಮುಳುಗಿಸಿ ಹಾಳೆಗಳ ನಡುವೆ ಇಟ್ಟೆ. ಎಣ್ಣೆಯಲ್ಲಿ ಗೋಲಿಯ ಹೊಳಪು ಮಾಯವಾಗಿ ಒಳಗಿನದು ಕಾಣುತ್ತದೆ. ಕಂಡಿತು. ಒಂದು ಬದಿಯಿಂದ ಕಾಮನಬಿಲ್ಲಿನ ಬಣ್ಣಗಳು ಎದ್ದು ಎಸಳಿನ ತನಕ ಹಬ್ಬಿದ್ದವು. ಅಷ್ಟೂ ಬಿಗಿತ. ನಂತರ ಆ ಒಳ್ಳೆಯ ದಿನದ ಗೋಲಿ ಇಟ್ಟೆ. ಕಪ್ಪಗೆ, ಶಾಂತವಾಗಿತ್ತು.

ಕಾಕಾನ ಬಣ್ಣ ಹೊಂದದೆ ಹೋಗಿದ್ದರೆ ಬಿಗಿತ ಎಸಳಿನ ಸುತ್ತ ಇರಬೇಕಿತ್ತು. ಇದು ಹೊರಗಿನಿಂದ, ಒಂದೇ ಬದಿಯಿಂದ ಬಂದದ್ದು. ಗೋಲಿಯ ಆ ಒಂದು ಬದಿಗೆ ಸುರಂಗದೊಳಗೆ ತಣ್ಣನೆ ಗಾಳಿ ಹೊಡೆದಿದೆ. ಎಸಳು ಬರೀ ಗೋಲಿಯ ಸೋತ ಜಾಗ, ಸೀಳು ಅಲ್ಲಿಂದ ದಾರಿ ಹಿಡಿದಿದೆ.

ಸುರಂಗದೊಳಗೆ ಗಾಳಿ ಎಲ್ಲಿಂದ ಬರಬೇಕು? ಆ ಬಿಳಿ ಸಾಲಿನ ತಾರೀಖನ್ನೇ ನೋಡುತ್ತ ಕೂತೆ. ಪಕ್ಕದಲ್ಲಿದ್ದ ಹೆಂಗಸು, ನನ್ನ ಮೇಜಿನವರಲ್ಲೇ ಹಿರಿಯಳು, ಬಗ್ಗಿ ನೋಡಿ, “ಅವತ್ ಏಕಾದಶಿ ಅಲ್ಲೇನ್ರಿ ಅಕ್ಕಾ? ಆಷಾಢಿ ಏಕಾದಶಿ. ಎಲ್ಲಾರೂ ಉಪವಾಸ ಇದ್ವಿ, ಬಾಳೆಹಣ್ಣ ತಿಂದ್ವಿ,” ಎಂದಳು.

ಉಪವಾಸ. ಅವತ್ತು ಯಾರೂ ಡಬ್ಬಿ ತಂದಿರಲಿಲ್ಲ.

ನಮ್ಮ ಹೆಂಗಸರು ನಸುಕಿನಲ್ಲೇ ರೊಟ್ಟಿ ಬಡಿದು, ಡಬ್ಬಿ ಕಟ್ಟಿಕೊಂಡು ಕಂಪನಿಯ ಗಾಡಿ ಹಿಡಿಯುವವರು. ಮಳೆಗಾಲದಲ್ಲಿ ಮಧ್ಯಾಹ್ನದ ಹೊತ್ತಿಗೆ ಆ ಜೋಳದ ರೊಟ್ಟಿ ಚರ್ಮದ ತುಂಡಾಗುತ್ತದೆ, ಪಲ್ಯದ ಎಣ್ಣೆ ಹೆಪ್ಪುಗಟ್ಟುತ್ತದೆ. ಸುರಂಗದ ನಟ್ಟನಡುವೆ, ಸೊಂಟದ ಎತ್ತರಕ್ಕೆ, ಒಳಗೆ ಇಣುಕಿ ನೋಡಲು ಮಕ್ಕಳು ಬರೆಯುವ ಪಾಟಿಯಷ್ಟು ಅಗಲದ ಕಬ್ಬಿಣದ ಬಾಗಿಲಿದೆ. ಅದರ ಮೇಲೆ ಉದ್ದಕ್ಕೂ ಕಬ್ಬಿಣದ ಪಟ್ಟಿ. ಬಾಗಿಲಿಗೆ ಇಟ್ಟಿಗೆ ಚೂರೊಂದನ್ನು ಆನಿಸಿ ನಾಲ್ಕು ಬೆರಳು ತೆರೆದಿಟ್ಟರೆ ಬಿಸಿ ಉಸಿರು ಮೇಲಕ್ಕೆ ಬರುತ್ತದೆ, ಪಟ್ಟಿಯ ಮೇಲಿಟ್ಟ ಡಬ್ಬಿಗಳು ಊಟದ ಹೊತ್ತಿಗೆ ಒಲೆಯಿಂದ ಇಳಿಸಿದ ಹಾಗೆ ಆಗುತ್ತವೆ. ಬಿಸಿ ಮೇಲಿನಿಂದ ಹೊರಬಿದ್ದರೆ ತಣ್ಣನೆ ಗಾಳಿ ಕೆಳಗಿನಿಂದ ಒಳಹೋಗಲೇಬೇಕು ಎಂದು ಯಾರಿಗೆ ಹೊಳೆಯಬೇಕು? ಸಣ್ಣ ಗೋಲಿಗಳು ಆ ಗಾಳಿಯನ್ನು ತಡೆದುಕೊಂಡವು. ನಿಂಬೆಹಣ್ಣಿನ ಗಾತ್ರದವು ತಡೆಯಲಿಲ್ಲ. ಏಳೂವರೆಗೆ ಒಳಹೋದ ಟ್ರೇ ಆ ಬಾಗಿಲಿಗೆ ಬರಲು ಮೂರು ತಾಸು. ನಾವು ಡಬ್ಬಿ ಇಡುವುದು ಹತ್ತೂವರೆಗೆ, ತೆಗೆಯುವುದು ಹನ್ನೆರಡೂವರೆಗೆ.

ಮ್ಯಾನೇಜರ್ ದಿನಾ ಆ ಡಬ್ಬಿಗಳ ಪಕ್ಕದಲ್ಲೇ ಓಡಾಡುತ್ತಿದ್ದರು. ಎಲ್ಲರೂ ನೋಡುತ್ತಿದ್ದರು. ತಾಪಮಾನ ಅಳೆಯುವ ಕಡ್ಡಿ ಸುರಂಗದ ಆಚೆ ಬದಿಯ ಗೋಡೆಗಿತ್ತು, ಅದು ಎಲ್ಲ ಸರಿಯಿದೆ ಎಂದೇ ತೋರಿಸುತ್ತಿತ್ತು.

ಮೂರು ಮಳೆಗಾಲದ ಹಿಂದೆ ಆ ಇಟ್ಟಿಗೆ ಚೂರನ್ನು ಮೊದಲು ಹುಡುಕಿ ತಂದು ಆನಿಸಿದವಳು ನಾನು. ಅದನ್ನು ಹೆಂಗಸರಿಗೆಲ್ಲ ಹೆಮ್ಮೆಯಿಂದ ತೋರಿಸಿಕೊಟ್ಟವಳೂ ನಾನೇ.

ಗುರುವಾರ ನಮ್ಮಲ್ಲಿ ವಾರದ ರಜೆ. ಮನೆಯಲ್ಲಿ ಅಕ್ಕಿ ಆರಿಸುತ್ತ ಕೂತರೆ ಕೈ ಅಕ್ಕಿಯಲ್ಲಿ, ಮನಸ್ಸು ಸುರಂಗದಲ್ಲಿ. ಸುಮ್ಮನಿರುವುದಕ್ಕೆ ಒಂದು ದಾರಿಯಿತ್ತು, ಅದು ಬಹಳ ಸುಲಭದ್ದು. ಶುಕ್ರವಾರ ಬೆಳಿಗ್ಗೆ ಇಟ್ಟಿಗೆ ತೆಗೆದು ಹಿತ್ತಲಿಗೆ ಎಸೆಯುವುದು, ಬಾಗಿಲಿಗೆ ಬೀಗ ಹಾಕಿಸುವುದು. ಹೊಸ ಮೇಸ್ತ್ರಿ ಬರುತ್ತಾನೆ, ಬಿರುಕು ನಿಲ್ಲುತ್ತದೆ, ಎಲ್ಲರೂ ಹೊಸಬನನ್ನು ಹೊಗಳುತ್ತಾರೆ, ನನ್ನ ವರದಿ ಸರಿಯಾಗಿತ್ತು ಎನ್ನುತ್ತಾರೆ. ಕಾಕಾ ಮಾತ್ರ ಇರುವುದಿಲ್ಲ. ಇಷ್ಟು ಸಲೀಸಾಗಿ ಒಬ್ಬ ಮನುಷ್ಯನನ್ನು ಮುಗಿಸಬಹುದಲ್ಲ ಎಂದು ನನಗೇ ಭಯವಾಯಿತು.

ಆದರೂ ಶುಕ್ರವಾರ ಬೆಳಿಗ್ಗೆ ನಾನು ಶೂರೆಯಂತೇನೂ ಒಳಗೆ ಹೋಗಲಿಲ್ಲ. ಕ್ಯಾಬಿನ್ನಿನ ಬಾಗಿಲಲ್ಲಿ ನಿಂತು, ಕಾರಣ ಭಟ್ಟಿಯದಲ್ಲ ಅನಿಸುತ್ತದೆ, ಒಂದು ವಾರ ತಡೆಯಿರಿ ಎಂದು ಗೊಣಗಿದೆ. ಮೇಜಿನ ಮೇಲೆ ಪತ್ರ ಸಿದ್ಧವಾಗಿತ್ತು. ಕಾಕಾ ಮೂಲೆಯ ಕುರ್ಚಿಯಲ್ಲಿ ಟೋಪಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಮ್ಯಾನೇಜರ್ ನನ್ನ ವರದಿಯನ್ನು ತೆಗೆದು ನನ್ನ ಎದುರಿಗೆ ತಿರುಗಿಸಿದರು. ಇದು ನಿಮ್ಮ ಮುದ್ರೆಯಲ್ಲವೇ, ಭಟ್ಟಿಯದಲ್ಲದಿದ್ದರೆ ಯಾರದು ಎಂದು ಕೇಳಿದರು. ಅನಿಸುತ್ತದೆ ಎನ್ನುವುದಕ್ಕೆಲ್ಲ ಅವರಲ್ಲಿ ಜಾಗವಿಲ್ಲ. “ಲಿಹೂನ್ ದ್ಯಾ, ತಾಈ.”

ಅಲ್ಲೇ, ನಿಂತಲ್ಲೇ ಬರೆದೆ. ಸುರಂಗದ ಬಾಗಿಲು, ಇಟ್ಟಿಗೆ, ಡಬ್ಬಿ. ‘ಇದನ್ನು ಶುರು ಮಾಡಿದವಳು ನಾನು. ಮೊದಲಿನ ವರದಿ ತಪ್ಪು’ ಎಂದು ಬರೆದೆ. ಉಳಿದ ಹೆಂಗಸರ ಹೆಸರು ಹಾಕಲಿಲ್ಲ. ಅಕ್ಷರ ಕೋಳಿ ಕೆದರಿದ ಹಾಗಿತ್ತು. ಮ್ಯಾನೇಜರ್ ಎರಡು ಸಲ ಓದಿದರು. ಬೈಯುತ್ತಾರೆ ಎಂದುಕೊಂಡೆ. ಅವರು ಪುರಾವೆ ಕೇಳಿದರು.

ಹತ್ತೂವರೆಯಿಂದ ಹನ್ನೊಂದೂವರೆಯ ತನಕ ಬಾಗಿಲು ಮುಚ್ಚಿದೆವು. ಆಮೇಲಿನ ಒಂದು ತಾಸು ಇಟ್ಟಿಗೆ ಆನಿಸಿ, ಡಬ್ಬಿಗಳನ್ನು ಸಾಲಾಗಿ ಇಟ್ಟು ತೆರೆದೆವು. ಯಾವ ಟ್ರೇ ಯಾವಾಗ ಬಾಗಿಲು ದಾಟಿತು ಎಂದು ಮ್ಯಾನೇಜರ್ ತಾವೇ ನಿಂತು ಬರೆದುಕೊಂಡರು. ಹೆಂಗಸರು ನನ್ನನ್ನೇ ನೋಡುತ್ತಿದ್ದರು. ಊಟದ ಹೊತ್ತಿಗೆ ಬಿಸಿ ಡಬ್ಬಿಯನ್ನು ತೆರೆಯದೆ ಹಾಗೇ ಚೀಲಕ್ಕಿಟ್ಟೆ. ಆ ಟ್ರೇಗಳೆಲ್ಲ ಹೊರಬರಲು ಇನ್ನೂ ಮೂರು ತಾಸು ಕಾಯಬೇಕಿತ್ತು. ಆ ಮೂರು ತಾಸೂ ಕಾಕಾ ಅದೇ ಕುರ್ಚಿಯಲ್ಲಿದ್ದರು. ನೀರು ಕೊಡಲು ಹೋದವಳಿಗೆ ಬೇಡವೆಂದು ಕೈಸನ್ನೆ ಮಾಡಿದರಂತೆ. ಭಟ್ಟಿಯನ್ನು ಅವರ ಸಹಾಯಕ ನೋಡಿಕೊಳ್ಳುತ್ತಿದ್ದ. ಅಷ್ಟು ಹೊತ್ತು ಭಟ್ಟಿ ಬಿಟ್ಟು ಕೂತ ಅವರನ್ನು ನಾನು ಎಂದೂ ನೋಡಿರಲಿಲ್ಲ.

ನನ್ನ ಊಹೆಯೇ ತಪ್ಪಾಗಿದ್ದರೆ? ಏಕಾದಶಿಯ ದಿನ ಬರೀ ಅದೃಷ್ಟವಾಗಿದ್ದರೆ? ಒಂದು ಸಲ ತಪ್ಪು ಬರೆದವಳು ಎರಡನೇ ಸಲವೂ ಬರೆಯಬಹುದು. ಆಗ ಕಾಕಾನ ಕೆಲಸವೂ ಹೋಗುತ್ತದೆ, ನನ್ನದೂ ಹೋಗುತ್ತದೆ.

ಮೊದಲ ಟ್ರೇ ಹೊರಬಂದಾಗ ಕೈಗವಸು ಹಾಕಿಕೊಂಡೆ. ಬಾಗಿಲು ಮುಚ್ಚಿದಾಗಿನ ಗೋಲಿಗಳನ್ನು ಒಂದೊಂದಾಗಿ ಎಣ್ಣೆಯಲ್ಲಿ ಮುಳುಗಿಸಿದೆ. ಕಪ್ಪು. ಕಪ್ಪು. ಎಲ್ಲವೂ ಕಪ್ಪು. ತೆರೆದಾಗಿನದನ್ನು ಇಟ್ಟೆ. ಬದಿಯಿಂದ ಬಣ್ಣಗಳು ಧುಮುಕಿ ಎಸಳಿನವರೆಗೆ ಬಂದವು. ಮ್ಯಾನೇಜರ್ ಕಣ್ಣು ಹಾಳೆಗೆ ಅಂಟಿಸಿ ಬಹಳ ಹೊತ್ತು ನೋಡಿದರು. ಅವರಿಗೆ ಬಣ್ಣದಲ್ಲಿ ನಂಬಿಕೆ ಬರಲಿಲ್ಲವೋ ಏನೋ, ಹುಡುಗರ ಹಾಗೆ ಎರಡು ಗೋಲಿ ಎತ್ತಿ ಒಂದಕ್ಕೊಂದು ಹೊಡೆದರು. ಮುಚ್ಚಿದಾಗಿನವು ಠಣ್ ಎಂದವು. ತೆರೆದಾಗಿನ ಜೋಡಿಯಲ್ಲಿ ಒಂದು ಅವರ ಅಂಗೈಯಲ್ಲೇ ಎರಡಾಯಿತು. ಬೆರಳಿಗೆ ಗೀರಿ ರಕ್ತ ಜಿನುಗಿತು. ಅವರು ಅದನ್ನು ಕರವಸ್ತ್ರದಿಂದ ಒತ್ತಿಕೊಂಡು ಹೊರಟರು.

ಕ್ಯಾಬಿನ್ನಿನಲ್ಲಿ ಪತ್ರ ಡ್ರಾಯರಿಗೆ ಹೋಯಿತು. ನನ್ನ ಮುದ್ರೆಯನ್ನೂ ಅವರು ಕೈಚಾಚಿ ಕೇಳಿದರು. ಕೊಟ್ಟೆ. ಮುಂದಿನ ವಾರದಿಂದ ನಾನು ಮೇಜಿನ ಉಳಿದ ಹೆಂಗಸರ ಜೊತೆ ಕೂತು ಆರಿಸುವ ಕೆಲಸ ಮಾಡಬೇಕು, ಸಹಿ ಬೇರೆಯವರದು. ಕೆಲಸ ಉಳಿಯಿತಲ್ಲ ಎಂದು ಸಮಾಧಾನವೂ ಆಯಿತು, ಅವಮಾನವೂ ಆಯಿತು. ಬಾಗಿಲಿಗೆ ಅವತ್ತೇ ಬೆಸುಗೆ ಹಾಕಿದರು. ಡಬ್ಬಿ ಬಿಸಿ ಮಾಡಲು ಏನಾದರೂ ವ್ಯವಸ್ಥೆ ಮಾಡುತ್ತೇವೆ ಎಂದರು ಮ್ಯಾನೇಜರ್. ಅದನ್ನು ಅವರು ಯಾರಿಗೂ ಬರೆದು ಕೊಡಲಿಲ್ಲ.

ಗಾಡಿ ಹೊರಡುವ ಮೊದಲು ಕಾಕಾ ಭಟ್ಟಿಯ ಕಡೆಯಿಂದ ಬಂದರು. ನಾನು ಎದ್ದು ನಿಂತೆ. ಬೆಳಗಿನಿಂದ ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡ ಮಾತನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. “ತಪ್ಪಾಯ್ತ್ರೀ ಕಾಕಾ. ಆ ಡಬ್ಬಿ ಇಡೂದು ನಾನಽ ಸುರು ಮಾಡಿದ್ದು. ಅದರಿಂದ ಹಿಂಗಾಗ್ತದ ಅಂತ ಖರೇ ಗೊತ್ತಿದ್ದಿಲ್ರಿ.”

“ಡಬ್ಬಿ ಬಿಡು,” ಎಂದರು. “ಅಲ್ಲಿ ನಂದೂ ಡಬ್ಬಿ ಇರ್ತಿತ್ತು. ಬಿಸಿ ರೊಟ್ಟಿ ನಾನೂ ತಿಂದೀನಿ.”

ಸಿಟ್ಟಿನ ದನಿಯಲ್ಲ. ದಣಿದ ದನಿ.

“ನೀ ಬರದ್ಯಲ್ಲ, ಭಟ್ಟಿ ದೋಷ ಅಂತ. ಬರಿಯೂಕಿಂತ ಮೊದಲ ಒಂದ್ ಸಲ ನನ್ ಹಂತ್ಯಾಕ ಬಂದು, ಕಾಕಾ ಇದು ಯಾಕ ಹಿಂಗ ಒಡಿಲಾಕತ್ತದ ಅಂತ ಕೇಳಬಾರದಿತ್ತೇನವ್ವಾ? ಒಡದ ಗೋಲಿ ಒಂದ್ ತಂದು ಕೈಯಾಗ ಇಟ್ಟಿದ್ರ ನಾನೂ ನೋಡ್ತಿದ್ದೆ.”

ನನ್ನ ಮೇಜಿನಿಂದ ಭಟ್ಟಿಗೆ ಹೆಚ್ಚೆಂದರೆ ನಲವತ್ತು ಹೆಜ್ಜೆ.

“ಎಂಟ್ ವರ್ಷಾತು ನೀ ಬಂದು,” ಎಂದರು ಕಾಕಾ. “ನಾ ಮಾಡಿದ ಗಾಜು ದಿನಾ ನೋಡ್ತಿ, ಇದು ಛಲೋ, ಇದು ಕೆಟ್ಟದ್ದು ಅಂತಿ. ಗಾಜು ಹ್ಯಾಂಗ ಕರಗ್ತದ, ಒಮ್ಮೆರೆ ಬಂದು ನೋಡೀದಿ ಏನು?”

“ಇಲ್ರಿ ಕಾಕಾ,” ಎಂದೆ.

ಅವರು ತಲೆಯಾಡಿಸಿದರು. ಮೂಲೆಯಲ್ಲಿ ಕೂತು ಒಂದು ಇಡೀ ದಿನ ಹೋಗಿತ್ತು, ನಾಳೆಯ ಬಣ್ಣ ಇನ್ನೂ ತೂಗಿರಲಿಲ್ಲ. ಟೋಪಿ ತಲೆಗೇರಿಸಿಕೊಂಡು ಭಟ್ಟಿಯ ಕಡೆ ನಡೆದರು. ಗಾಡಿಯವನು ಎರಡು ಸಲ ಹಾರ್ನ್ ಹೊಡೆದ. ಹೆಂಗಸರು ಹತ್ತಿ ಕೂತು ನನ್ನನ್ನು ಕರೆಯುತ್ತಿದ್ದರು. ನಾನು ಗಾಡಿಯ ಕಡೆ ಹೋಗದೆ ಕಾಕಾನ ಹಿಂದೆ ಹೋದೆ.